ಕಾಫಿ ತೊಟ್ಟಿಯ ಯೀಸ್ಟ್‌ಗೂ ಒಂದು ವಿಳಾಸ ಬೇಕು

ಡಿಸೆಂಬರ್ ಬಂತೆಂದರೆ ಕೊಡಗಿನ ಅರೇಬಿಕಾ ತೋಟಗಳಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಪಲ್ಪರ್‌ನ ಸದ್ದು ಶುರು. ಸಿಪ್ಪೆ ಬಿಟ್ಟ ಬೀಜ ತೊಟ್ಟಿಗೆ ಬೀಳುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಮೇಲೆ ನೊರೆ, ಸುತ್ತ ಹುಳಿ ವಾಸನೆ. ಒಂದು ಹಿಡಿ ಬೀಜ ತೆಗೆದು ನೀರಲ್ಲಿ ಉಜ್ಜಿ ನೋಡುತ್ತಾರೆ. ಜಾರಿದರೆ ಇನ್ನೂ ಲೋಳೆ ಇದೆ. ಒರಟಾಗಿ ಕೈಗೆ ಸಿಕ್ಕಿದರೆ ತೊಳೆಯಬಹುದು. ಈ ಲೋಳೆ ಬಿಡಿಸಿದ್ದು ಬ್ಯಾಕ್ಟೀರಿಯಾ ಮತ್ತು ಯೀಸ್ಟ್. ಅವನ್ನು ಯಾರೂ ತಂದು ಹಾಕಿಲ್ಲ. ಹಣ್ಣಿನ ಜೊತೆ, ತೊಟ್ಟಿಯ ಗೋಡೆಯಿಂದ ತಾವೇ ಬಂದವು.

ಈ ಯೀಸ್ಟ್ ಮೇಲೆ ಅಧ್ಯಯನ ಮಾಡಬೇಕು ಅಂತ ವಿದ್ಯಾರ್ಥಿಯೊಬ್ಬರು ಹೊರಟರೆ ಮೊದಲ ತೊಡಕು ಇಲ್ಲೇ. ಹೋಲಿಸಿ ನೋಡಲು ಗೊತ್ತಿರುವ ಯೀಸ್ಟ್ ಒಂದು ಬೇಕು. ಅಂಗಡಿಯಲ್ಲಿ ಬ್ರೆಡ್‌ಗೆ ಸಿಗುವ ಪ್ಯಾಕೆಟ್ ಸಾಲದಾ? ಸಾಲದು. ಅದೂ ಸ್ಯಾಕರೋಮೈಸಿಸ್ ಸೆರವಿಸಿಯೇ ಜಾತಿಯದ್ದೇ. ಆದರೆ ಪ್ರಯೋಗಕ್ಕೆ ಜಾತಿ ಗೊತ್ತಿದ್ದರೆ ಸಾಲದು, ತಳಿ ಬೇಕು, ಅದರ ಹಿಂದಿನ ಕಥೆ ಬೇಕು. ಕಾಫಿ ಬೆಳೆಗಾರರಿಗೆ ಇದು ಹೊಸದಲ್ಲ. ಗಿಡ ತರುವಾಗ ಬರೀ ಅರೇಬಿಕಾ ಅಂದರೆ ಯಾರೂ ಒಪ್ಪುವುದಿಲ್ಲ. ಎಸ್.795 ಎಂದರೆ ಎಸ್.288 ಮತ್ತು ಕೆಂಟ್ಸ್ ಕೂಡಿದ ತಳಿ ಅಂತ ಹೇಳಬಲ್ಲವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ.

ಯೀಸ್ಟ್‌ಗೆ ಈ ಶಿಸ್ತು ಬಂದದ್ದು ಬಿಯರ್ ಕೆಟ್ಟದ್ದರಿಂದ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ 1883ರಲ್ಲಿ ಒಂದೇ ಜೀವಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದರು. ಶುದ್ಧ ತಳಿ ಕೈಗೆ ಬಂದ ಮೇಲೆ ಅದನ್ನು ಕಾಪಾಡಲು ಜಾಗ ಬೇಕಾಯಿತು. 1890ರ ಹೊತ್ತಿಗೆ ಪ್ರಾಗ್‌ನಲ್ಲಿ ಕ್ರಾಲ್ ಎಂಬುವರು ಸಂಗ್ರಹ ತೆರೆದು ಕೇಳಿದವರಿಗೆ ತಳಿ ಕಳಿಸತೊಡಗಿದರು. 1904ರಲ್ಲಿ ನೆದರ್‌ಲ್ಯಾಂಡ್ಸ್, 1925ರಲ್ಲಿ ಅಮೆರಿಕದಲ್ಲೂ ಇಂಥ ಸಂಗ್ರಹ ಬಂತು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವೂ ಹುಟ್ಟಿದ್ದು ಅದೇ 1925ರಲ್ಲಿ. ಅದರ ಉಪಕೇಂದ್ರ ನಮ್ಮ ಚೆಟ್ಟಳ್ಳಿಯಲ್ಲಿದೆ.

ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಅತಿ ಜಾಸ್ತಿ ಬಳಕೆಯಲ್ಲಿರುವ ಯೀಸ್ಟ್ ತಳಿಯ ಹೆಸರು ಎಸ್288ಸಿ. ನಮ್ಮ ಕಾಫಿಯ ಎಸ್.288ಕ್ಕೂ ಅದಕ್ಕೂ ಸಂಬಂಧವಿಲ್ಲ, ಹೆಸರು ಹಾಗೆ ಹೊಂದಿಕೊಂಡಿದೆ ಅಷ್ಟೇ. ಅದರ ಮೂಲ ಮಾತ್ರ ಕೇಳುವಂಥದ್ದು. 1938ರಲ್ಲಿ ಕ್ಯಾಲಿಫೋರ್ನಿಯಾದ ಮರ್ಸೆಡ್‌ನಲ್ಲಿ ಎಮಿಲ್ ಮ್ರಾಕ್ ಕೊಳೆತ ಅಂಜೂರದಿಂದ ಒಂದು ಯೀಸ್ಟ್ ಬೇರ್ಪಡಿಸಿದರು. ಮುಂದೆ ರಾಬರ್ಟ್ ಮಾರ್ಟಿಮರ್ ಅದರ ಸಂತತಿಯಿಂದ ಎಸ್288ಸಿ ರೂಪಿಸಿದರು. 1986ರಲ್ಲಿ ಅವರೇ ಹಳೆಯ ದಾಖಲೆ ಕೆದಕಿ ಲೆಕ್ಕ ಹಾಕಿದಾಗ, ಅದರ ವಂಶವಾಹಿಯಲ್ಲಿ ನೂರಕ್ಕೆ ಸುಮಾರು 88 ಪಾಲು ಆ ಅಂಜೂರದ ಯೀಸ್ಟ್‌ನದ್ದೇ ಎಂದು ಗೊತ್ತಾಯಿತು. ಯಾರೋ ಬರೆದಿಟ್ಟಿದ್ದರು, ಅದಕ್ಕೇ ಗೊತ್ತಾಯಿತು.

ಕೋಶಗಳು ಗಂಟುಕಟ್ಟದ ತಳಿ ಬೇಕೆಂದು ಮಾರ್ಟಿಮರ್ ಇದನ್ನು ಆರಿಸಿದ್ದರು. ಹಾಗಾಗಲು ಫ್ಲೋ8 ಎಂಬ ಜೀನ್ ಕೆಟ್ಟಿರುವುದು ಕಾರಣ ಅಂತ 1996ರಲ್ಲಿ ತಿಳಿಯಿತು. ಅದೇ ದೋಷದಿಂದ ಈ ತಳಿ ಎಳೆಯಂತೆ ಬೆಳೆದು, ತಾನು ಬೆಳೆಯುವ ಆಹಾರದ ಪದರದೊಳಗೆ ನುಗ್ಗುವ ಗುಣವನ್ನೂ ಕಳೆದುಕೊಂಡಿದೆ. ಇದೊಂದನ್ನೇ ನೋಡಿದವರಿಗೆ ಯೀಸ್ಟ್‌ಗೆ ಆ ಗುಣವಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ, ಅಲ್ವಾ? ತಳಿಯ ಹೆಸರು ಬರೆಯದ ಪ್ರಯೋಗವನ್ನು ನಂಬಬಾರದು ಅನ್ನುವುದು ಇದಕ್ಕೇ. ಅದೇ 1996ರಲ್ಲಿ ಈ ತಳಿಯ 16 ವರ್ಣತಂತುಗಳನ್ನೂ ಪೂರ್ತಿ ಓದಿ ಮುಗಿಸಿದರು. ಆಮೇಲೆ ಸುಮಾರು 6,000 ಜೀನ್‌ಗಳಲ್ಲಿ ಒಂದೊಂದನ್ನೇ ತೆಗೆದ ತಳಿಗಳ ದೊಡ್ಡ ಸಂಗ್ರಹವೇ ಬಂತು.

ನಮ್ಮ ದೇಶದಲ್ಲಿ ಯೀಸ್ಟ್ ಬೇಕೆಂದರೆ ಮುಖ್ಯವಾಗಿ ಎರಡು ಕಡೆ ಕೇಳಬಹುದು. ಒಂದು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಸಂಗ್ರಹ. ಇನ್ನೊಂದು 1986ರಲ್ಲಿ ಚಂಡೀಗಢದಲ್ಲಿ ಶುರುವಾದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹ. ಪಟ್ಟಿಯಲ್ಲಿ ನಂಬರ್ ಹುಡುಕಿ, ಸಂಸ್ಥೆಯ ಮೂಲಕ ಅರ್ಜಿ ಹಾಕಿದರೆ ತಳಿ ಕಳಿಸುತ್ತಾರೆ. ಒಣಗಿಸಿ ಗಾಜಿನ ಕೊಳವೆಯಲ್ಲಿಟ್ಟ ಪುಡಿಯಾಗಿ ಬಂದರೆ ದ್ರವ ಹಾಕಿ ಎಬ್ಬಿಸಿ, ತಟ್ಟೆಯಲ್ಲಿ ಗೀಚಿ ಬೆಳೆಸಿ, ಒಂಟಿಯಾಗಿ ಬೆಳೆದ ಚುಕ್ಕೆಯಿಂದಲೇ ಕೆಲಸ ಶುರು ಮಾಡಬೇಕು. ಒಂದು ಪಾಲನ್ನು ಗ್ಲಿಸರಾಲ್ ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ಎತ್ತಿಡಬೇಕು. ಸುಮ್ನೆ ತಟ್ಟೆಯಿಂದ ತಟ್ಟೆಗೆ ದಾಟಿಸುತ್ತಾ ಹೋದರೆ ತಳಿ ಮೆಲ್ಲಗೆ ಬದಲಾಗುತ್ತದೆ.

ಒಡೆತನದ ಪ್ರಶ್ನೆ ಬಂದದ್ದು ತಡವಾಗಿ. ಮೊದಲೆಲ್ಲ ಇಂಥ ತಳಿಗಳು ಮನುಕುಲಕ್ಕೆ ಸೇರಿದ ಸ್ವತ್ತು. ಯಾರು ಬೇಕಾದರೂ ಒಯ್ಯಬಹುದಿತ್ತು. 1992ರ ಜೀವವೈವಿಧ್ಯ ಒಪ್ಪಂದ ಅದನ್ನು ಬದಲಿಸಿ ಆಯಾ ದೇಶಕ್ಕೆ ಹಕ್ಕು ಕೊಟ್ಟಿತು. ನಮ್ಮ 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಸೂಕ್ಷ್ಮಜೀವಿಗಳೂ ಸೇರಿವೆ. ಹೊರದೇಶದವರು ಇಲ್ಲಿನ ಯೀಸ್ಟ್ ಪಡೆಯಬೇಕಾದರೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಪಂಚಾಯಿತಿಗೊಂದು ಜೀವವೈವಿಧ್ಯ ಸಮಿತಿ, ಊರಿನ ಜೀವಿಗಳನ್ನು ಬರೆದಿಡುವ ಜನತಾ ದಾಖಲಾತಿ ಇರಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ.

2016ರಲ್ಲಿ ಬಂದ ಒಂದು ಅಧ್ಯಯನ ನನಗೆ ಬಹಳ ಮುಖ್ಯ ಅನಿಸುತ್ತದೆ. ಅದರ ಪ್ರಕಾರ ವೈನ್ ಯೀಸ್ಟ್ ಎಲ್ಲೇ ಹೋದರೂ ಹೆಚ್ಚೂಕಡಿಮೆ ಒಂದೇ ಮನೆತನದ್ದು. ಕಾಫಿ ಮತ್ತು ಕೋಕೋ ಯೀಸ್ಟ್ ಹಾಗಲ್ಲ, ಪ್ರದೇಶಕ್ಕೊಂದು ಬಗೆ. ಹಾಗಾದರೆ ಕೊಡಗಿನ ತೊಟ್ಟಿಗಳಲ್ಲಿ, ಬೈನೆ ಕಳ್ಳಿನ ಮಡಕೆಯಲ್ಲಿ ಬೇರೆಲ್ಲೂ ಇಲ್ಲದ್ದು ಇರಬಹುದು. ವಿಶೇಷ ರುಚಿಗೆಂದು ಪ್ಯಾಕೆಟ್ ಯೀಸ್ಟ್ ಹಾಕಿ ಕಾಫಿ ಹುಳಿಸುವ ಪದ್ಧತಿ ಈಗ ಕಾಫಿ ಲೋಕದಲ್ಲಿದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಹಾಕುವ ಮುಂಚೆ ತೊಟ್ಟಿಯಿಂದ ಸ್ವಲ್ಪ ನೀರು ಎತ್ತಿಡಬೇಕು. ಆಮೇಲೆ ಯಾವುದು ಊರಿನದ್ದು, ಯಾವುದು ಪ್ಯಾಕೆಟ್ಟಿನದ್ದು ಅಂತ ಬೇರ್ಪಡಿಸುವುದು ಕಷ್ಟ. ಊರು, ತೋಟ, ತಾರೀಖು, ಕಾಫಿ ತಳಿ, ತೊಟ್ಟಿ ಸಿಮೆಂಟಿನದ್ದೋ ಪ್ಲಾಸ್ಟಿಕ್ಕಿನದ್ದೋ, ಎಷ್ಟು ಗಂಟೆ ಹುಳಿಸಿದ್ದು ಎಲ್ಲವನ್ನೂ ಸೀಸೆಯ ಮೇಲೆ ಬರೆಯಬೇಕು. ತೋಟದವರ ಒಪ್ಪಿಗೆ ಕೇಳಬೇಕು. ಬೇರ್ಪಡಿಸಿದ ತಳಿಯ ಒಂದು ಪಾಲು ಪುಣೆಗೋ ಚಂಡೀಗಢಕ್ಕೋ ಹೋಗಲಿ. ಪಂಚಾಯಿತಿಯ ದಾಖಲಾತಿಯಲ್ಲಿ ಮರ, ಮೀನಿನ ಸಾಲಿನ ಜೊತೆಗೆ ಅದರ ನಂಬರ್‌ಗೂ ಒಂದು ಸಾಲು ಸಿಗಲಿ.