ಕಾರಿನ ಚಕ್ರಕ್ಕೆ ರಬ್ಬರ್ ಸ್ಪ್ರೇ: ಕರಾವಳಿಯ ಸೆಖೆಯಲ್ಲಿ ಕಲಿತದ್ದು

ಉಡುಪಿಯ ನಮ್ಮ ಮನೆಯಂಗಳದಲ್ಲಿ ನಾಲ್ಕು ಅಲಾಯ್ ಚಕ್ರಗಳಿಗೆ ಕಪ್ಪು ಬಣ್ಣ ಹೊಡೆದೆ. ಮೂರು ಚೆನ್ನಾಗಿ ಬಂದವು. ಒಂದು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಈ ಟಿಪ್ಪಣಿಯ ಹೆಚ್ಚಿನ ಭಾಗ ಆ ಒಂದು ಚಕ್ರದ ಕಥೆಯೇ.

ಮೊದಲು ವಸ್ತುವನ್ನು ತಿಳಿದುಕೊಳ್ಳೋಣ. ಪ್ಲಾಸ್ಟಿ ಡಿಪ್ ತರಹದ ಸ್ಪ್ರೇ ಮಾಮೂಲಿ ಪೇಂಟ್ ಅಲ್ಲ. ದ್ರಾವಕದಲ್ಲಿ ಕರಗಿಸಿದ ಕೃತಕ ರಬ್ಬರ್ ಅದು. ದ್ರಾವಕ ಹಾರಿಹೋದ ಮೇಲೆ ತೆಳುವಾದ ರಬ್ಬರ್ ಪದರ ಉಳಿಯುತ್ತದೆ. ಪೇಂಟ್ ಲೋಹವನ್ನು ಕಚ್ಚಿ ಹಿಡಿಯಬೇಕು, ಅದಕ್ಕೇ ಉಜ್ಜುವುದು, ಪ್ರೈಮರ್ ಹಾಕುವುದು. ಇದು ಹಾಗಲ್ಲ. ಲೋಹಕ್ಕೆ ಅಂಟುವ ಶಕ್ತಿಗಿಂತ ಪದರದ ಒಳಗಿನ ಬಿಗಿಯೇ ಜಾಸ್ತಿ. ಆದ್ದರಿಂದ ಬೇಡವಾದಾಗ ಹಲಸಿನ ಹಪ್ಪಳವನ್ನು ಚಾಪೆಯಿಂದ ಎಬ್ಬಿಸಿದ ಹಾಗೆ ಎಳೆದು ತೆಗೆಯಬಹುದು. ಪದರ ದಪ್ಪ ಇದ್ದರೆ ಮಾತ್ರ. ತೆಳುವಾಗಿದ್ದರೆ ಚೂರುಚೂರಾಗಿ ಹರಿದು ಬರುತ್ತದೆ, ಉಗುರು ಸವೆಯುತ್ತದೆ. ಸ್ಪ್ರೇ ಉಳಿಸಲು ಹೋಗಿ ಎರಡೇ ಕೋಟ್ ಹೊಡೆಯುವವರು ಇಲ್ಲೇ ಸೋಲುವುದು. ಐದಾರು ಕೋಟ್ ಬೇಕು. ಒಂದು ಚಕ್ರಕ್ಕೆ ಸುಮಾರು ಒಂದು ಡಬ್ಬಿ ಎಂದು ಲೆಕ್ಕ ಇಟ್ಟುಕೊಳ್ಳಿ.

ಇನ್ನು ಆ ಬಿಳಿ ಚಕ್ರ. ಮಳೆ ಎರಡು ದಿನ ಬಿಟ್ಟಿತ್ತು, ಶೆಡ್ಡಿನಲ್ಲಿ ನೆಲ ಒಣಗಿತ್ತು, ಸಾಕಲ್ವಾ ಅಂದುಕೊಂಡೆ. ಸಾಲದು. ದ್ರಾವಕ ಹಾರುವಾಗ ಮೇಲ್ಮೈಯ ಶಾಖವನ್ನೂ ಒಯ್ಯುತ್ತದೆ, ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ತಂಪು ಮೈಮೇಲೆ ನೀರು ಕೂರುತ್ತದೆ. ಗಡ್‌ಬಡ್ ಐಸ್ ಕ್ರೀಂ ಬಂದ ಎರಡೇ ನಿಮಿಷಕ್ಕೆ ಗ್ಲಾಸಿನ ಹೊರಮೈ ಬೆವರುವುದಿಲ್ಲವೇ, ಅದೇ ಲೆಕ್ಕ. ಆ ನೀರು ಒದ್ದೆ ಪದರದೊಳಗೆ ಸಿಕ್ಕಿಬಿದ್ದು ಬೆಳ್ಳಗೆ ಕಾಣುತ್ತದೆ.

ಅಂಕಿಯಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಗಾಳಿ 30 ಡಿಗ್ರಿ ಇದ್ದು ಆರ್ದ್ರತೆ ಶೇ. 80 ಇದ್ದರೆ, ಸುಮಾರು 26 ಡಿಗ್ರಿಗೇ ನೀರು ಇಳಿಯುತ್ತದೆ. ಅದನ್ನು ಇಬ್ಬನಿ ಬಿಂದು ಅನ್ನುತ್ತಾರೆ. ಅಂದರೆ ಚಕ್ರ ನಾಲ್ಕು ಡಿಗ್ರಿ ತಣ್ಣಗಾದರೆ ಕೆಲಸ ಕೆಟ್ಟಿತು. ಅದೇ 30 ಡಿಗ್ರಿಯಲ್ಲಿ ಆರ್ದ್ರತೆ ಶೇ. 60 ಇದ್ದರೆ ಆ ಬಿಂದು ಸುಮಾರು 21ಕ್ಕೆ ಇಳಿಯುತ್ತದೆ, ಉಸಿರಾಡಲು ಜಾಗ ಸಿಗುತ್ತದೆ. ಬಣ್ಣದ ಕೆಲಸದವರ ಒಂದು ರೂಢಿ ಇದೆ: ಮೇಲ್ಮೈ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು.

ಆದ್ದರಿಂದ ನಮ್ಮ ಕಡೆಗೆ ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯದು. ಇಬ್ಬನಿ ಆರಿದ ಮೇಲೆ, ಬೆಳಿಗ್ಗೆ ಹತ್ತರ ನಂತರ ಶುರು ಮಾಡಿ. ಚಕ್ರವನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟು, ಉಗುರು ಬೆಚ್ಚಗಾದ ಮೇಲೆ ನೆರಳಿಗೆ ತಂದು ಹೊಡೆಯಿರಿ. ಸುಡು ಬಿಸಿಲಲ್ಲೇ ಹೊಡೆದರೆ ಹನಿ ತಾಗುವ ಮೊದಲೇ ಒಣಗಿ ಮೈ ಮರಳುಕಾಗದದಂತಾಗುತ್ತದೆ. ಇನ್ನೊಂದು ಮಾತು. ಧೂಳು ಏಳದಿರಲಿ ಎಂದು ನೆಲಕ್ಕೆ ನೀರು ಚಿಮುಕಿಸಿ ಅಂತ ಹೇಳುವವರಿದ್ದಾರೆ. ಒಣ ಊರಿಗೆ ಅದು ಸರಿ. ಮಂಗಳೂರು, ಉಡುಪಿಯಲ್ಲಿ ಬೇಡವೇ ಬೇಡ, ಇರುವ ತೇವವೇ ಸಾಕು.

ತೊಳೆಯುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬ್ರೇಕಿನ ಕಪ್ಪು ಪುಡಿ, ಕೆಂಪು ಮಣ್ಣು, ಟೈರ್ ಪಾಲಿಶ್ ಎಲ್ಲ ಹೋಗಬೇಕು. ಸಮುದ್ರದ ಬದಿಯವರು ಉಪ್ಪನ್ನು ಸಿಹಿನೀರಿನಲ್ಲಿ ಎರಡು ಸಲ ತೊಳೆಯಿರಿ. ಪೂರ್ತಿ ಒಣಗಲಿ, ನಟ್ಟಿನ ತೂತಿನೊಳಗೂ.

ಟೈರ್ ಮುಚ್ಚಲು ಹಳೇ ಮದುವೆ ಕಾಗದಗಳು ಬಹಳ ಚೆನ್ನ. ದಪ್ಪ ಕಾಗದವನ್ನು ರಿಮ್ಮಿಗೂ ಟೈರಿಗೂ ನಡುವೆ ಸುತ್ತಲೂ ಸಿಕ್ಕಿಸುತ್ತಾ ಹೋಗಿ. ಗಾಳಿ ತುಂಬುವ ವಾಲ್ವಿಗೆ ಟೇಪ್ ಸುತ್ತಿ. ನಟ್ಟು ಕೂರುವ ಜಾಗಕ್ಕೂ, ಚಕ್ರದ ಹಿಂಬದಿ ಹಬ್‌ಗೆ (ಕಾರಿನಲ್ಲಿ ಚಕ್ರ ಕೂರುವ ಲೋಹದ ಭಾಗಕ್ಕೆ) ತಾಗುವ ಜಾಗಕ್ಕೂ ಒಂದು ಹನಿ ಬೀಳಬಾರದು. ಅಲ್ಲಿ ರಬ್ಬರ್ ಇದ್ದರೆ ಓಡಾಟದಲ್ಲಿ ಅದು ಚಪ್ಪಟೆಯಾಗುತ್ತದೆ, ನಟ್ಟು ಸಡಿಲವಾಗುತ್ತದೆ. ಇದು ಅಂದದ ವಿಷಯ ಅಲ್ಲ, ಜೀವದ ವಿಷಯ. ಒಂದೊಂದೇ ಚಕ್ರ ಬಿಚ್ಚಿ, ಆ ಜಾಗಕ್ಕೆ ಸ್ಟೆಪ್ನಿ ಹಾಕಿಡಿ. ಕಾರು ಜಾಕಿನ ಮೇಲೆ ನಿಲ್ಲುವುದು ತಪ್ಪುತ್ತದೆ.

ಹೊಡೆಯುವಾಗ 15ರಿಂದ 20 ಸೆಂಟಿಮೀಟರ್ ದೂರ. ಕೈ ಚಲಿಸಲು ಶುರುವಾದ ಮೇಲೆ ಗುಂಡಿ ಒತ್ತಿ. ಮೊದಲ ಕೋಟಿನಲ್ಲಿ ಹಳೇ ಬಣ್ಣ ಅರ್ಧ ಕಾಣುತ್ತಿರಬೇಕು. ಅದನ್ನು ನೋಡಲಾಗದೆ ದಪ್ಪಗೆ ಹೊಡೆದರೆ ಬಣ್ಣ ಸೋರಿ ಇಳಿಯುತ್ತದೆ. ಕೋಟಿನ ನಡುವೆ ಇಪ್ಪತ್ತು ನಿಮಿಷ, ಸೆಖೆಯಿದ್ದರೆ ಅರ್ಧ ಗಂಟೆ. ಕೊನೆಯ ಎರಡು ಕೋಟ್ ಸ್ವಲ್ಪ ಒದ್ದೆಯಾಗಿರಲಿ, ಆಗಲೇ ಮೈ ನಯವಾಗುವುದು. ಕೊನೆಯ ಕೋಟ್ ಪೂರ್ತಿ ಒಣಗುವ ಮೊದಲೇ ಕಾಗದ, ಟೇಪ್ ತೆಗೆಯಿರಿ, ಇಲ್ಲದಿದ್ದರೆ ಅಂಚು ಹರಿಯುತ್ತದೆ. ನಾನು ಚಕ್ರವನ್ನು ರಾತ್ರಿಯಿಡೀ ಬಿಟ್ಟೆ.

ಆವಿ ಬೆಂಕಿ ಹಿಡಿಯುತ್ತದೆ. ತುಳಸಿಕಟ್ಟೆಗೆ ದೀಪ ಇಡುವ ಹೊತ್ತಿಗೆ ಕೆಲಸ ಮುಗಿದಿರಲಿ. ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯುವುದಿಲ್ಲ, ಇದ್ದಿಲಿನ ಫಿಲ್ಟರ್ ಇರುವುದೇ ಬೇಕು.

ಚಕ್ರ ಹಾಕುವಾಗ ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ, ಎಷ್ಟು ಬಿಗಿ ಎನ್ನುವುದು ಕಾರಿನ ಕೈಪಿಡಿಯಲ್ಲಿದೆ. ಐವತ್ತು ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ನೋಡಿ. ಪೆಟ್ರೋಲ್ ಚೆಲ್ಲಿದರೆ ತಕ್ಷಣ ತೊಳೆಯಿರಿ, ಈ ರಬ್ಬರಿಗೆ ಅದು ಶತ್ರು.

ನನ್ನ ಬಿಳಿ ಚಕ್ರದ ಪದರ ದಪ್ಪಗಿತ್ತು, ಒಂದೇ ಎಳೆತಕ್ಕೆ ಬಂತು. ಜನವರಿಯಲ್ಲಿ ಮತ್ತೆ ಹೊಡೆದೆ. ಈಗ ನಾಲ್ಕೂ ಕಪ್ಪು. ಆದರೆ ಮುರಕಲ್ಲಿನ ಕೆಂಪು ಧೂಳು ಕಪ್ಪಿನ ಮೇಲೆ ಎಷ್ಟು ಎದ್ದು ಕಾಣುತ್ತದೆ ಅಂದರೆ, ಮುಂದಿನ ಸಲ ಬೂದು ಬಣ್ಣವೇ.