ದ್ರವ ಸ್ಫಟಿಕಕ್ಕೆ ಚಿಟಿಕೆ ಇಂಗಾಲ

ಬದಿಯಡ್ಕದಲ್ಲೋ ಪೆರ್ಲದಲ್ಲೋ ಅಡಿಕೆ ತೂಗಿಸುವಾಗ ತಕ್ಕಡಿಯ ಬೂದು ಗಾಜಿನ ಮೇಲೆ ಕಪ್ಪು ಅಂಕಿಗಳು ಮೂಡುತ್ತವಲ್ಲ, ಅದು ದ್ರವ ಸ್ಫಟಿಕದ ಕೆಲಸ. ಎರಡು ಗಾಜುಗಳ ನಡುವೆ ತುಂಬಿರುವ ಅದು ನೀರಿನಂತೆ ಹರಿಯುತ್ತದೆ. ಆದರೂ ಅದರ ಉದ್ದನೆಯ ಅಣುಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಒಂದೆರಡು ವೋಲ್ಟ್ ಕೊಟ್ಟರೆ ಎದ್ದು ನಿಲ್ಲುತ್ತವೆ, ಬೆಳಕಿನ ದಾರಿ ಬದಲಾಗುತ್ತದೆ. ಇದನ್ನು ಮಕ್ಕಳಿಗೆ ತೋರಿಸಲು ದೊಡ್ಡ ಲ್ಯಾಬ್ ಬೇಡ. ಹಳೇ ಕ್ಯಾಲ್ಕುಲೇಟರಿನ ಮುಂದೆ ಪೋಲರಾಯ್ಡ್ ಕನ್ನಡಕ ಹಿಡಿದು ನಿಧಾನಕ್ಕೆ ತಿರುಗಿಸಿ. ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ. ಪರದೆಯಿಂದ ಬರುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ.

ಇಂಥ ವಸ್ತುವನ್ನು ಮೊದಲು ಗಮನಿಸಿದ್ದು 1888ರಲ್ಲಿ, ಪ್ರಾಗ್‌ನ ಸಸ್ಯವಿಜ್ಞಾನಿ ರೈನಿಟ್ಸರ್. ನಮ್ಮ ಬೆಂಗಳೂರಿನ ಪಾಲೂ ಸಣ್ಣದಲ್ಲ: ತಟ್ಟೆಯಾಕಾರದ ಅಣುಗಳಿಂದಲೂ ದ್ರವ ಸ್ಫಟಿಕ ಆಗುತ್ತದೆಂದು 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ತೋರಿಸಿದರು.

ಈ ದ್ರವಕ್ಕೆ ಇಂಗಾಲದ ನ್ಯಾನೋ ನಳಿಗೆ, ಅಂದರೆ ಇಂಗಾಲದ ಪರಮಾಣುಗಳ ಹಾಳೆಯನ್ನು ಸುರುಳಿ ಸುತ್ತಿದಂಥ ಅತಿ ಸಣ್ಣ ಕೊಳವೆ, ಬೆರೆಸಿದರೆ? 1991ರಲ್ಲಿ ಜಪಾನಿನ ಸುಮಿಯೋ ಇಜಿಮಾ ಇವುಗಳ ರಚನೆ ವಿವರಿಸಿದ ಮೇಲೆ ಇಡೀ ಜಗತ್ತಿನ ಗಮನ ಇತ್ತ ತಿರುಗಿತು. ಒಂದೇ ಪದರದ ನಳಿಗೆಯ ದಪ್ಪ ಸುಮಾರು 1 ನ್ಯಾನೋಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಉದ್ದ ಮಾತ್ರ ಅದರ ಸಾವಿರ ಪಟ್ಟು ಇರಬಹುದು. ಮಳೆಗಾಲದ ಪಯಸ್ವಿನಿ ಹೊಳೆಯಲ್ಲಿ ಬಿದಿರು ನೀರಿನ ಸೆಳೆತಕ್ಕೆ ಉದ್ದಕ್ಕೆ ತಿರುಗುವ ಹಾಗೆ, ನಳಿಗೆಗಳೂ ಅಣುಗಳ ಸಾಲಿಗೆ ಹೊಂದಿಕೊಳ್ಳುತ್ತವೆ. ವಿದ್ಯುತ್ ಕೊಟ್ಟು ಅಣುಗಳನ್ನು ಎಬ್ಬಿಸಿದರೆ ನಳಿಗೆಗಳೂ ಜೊತೆಗೇ ಏಳುತ್ತವೆ. ಅವು ವಿದ್ಯುತ್ ಹರಿಸುವುದು ಜಾಸ್ತಿ ಉದ್ದಕ್ಕೇ. ಹಾಗಾಗಿ ಒಂದು ಗಾಜಿನಿಂದ ಇನ್ನೊಂದು ಗಾಜಿಗೆ ಮುಖ ಮಾಡಿದ ತಕ್ಷಣ ಇಡೀ ಪದರದ ವಾಹಕತೆ ಏರುತ್ತದೆ. ಅಂದರೆ ಬೆಳಕೂ ಕರೆಂಟೂ ಒಂದೇ ಸ್ವಿಚ್ಚಿಗೆ ಬಗ್ಗುತ್ತವೆ. ನನಗೆ ಇದರಲ್ಲಿ ತುಂಬಾ ಇಷ್ಟವಾದ ವಿಷಯ ಇದೇ.

ಇನ್ನೊಂದು ಲಾಭವೂ ಇದೆ. ದ್ರವದಲ್ಲಿ ಉಳಿದ ಕಲ್ಮಶದ ಅಯಾನುಗಳು (ವಿದ್ಯುದಾವೇಶ ಹೊತ್ತ ಕಣಗಳು) ಗಾಜಿನ ಅಂಚಿಗೆ ಸರಿದು ನಾವು ಕೊಟ್ಟ ವೋಲ್ಟೇಜನ್ನು ತಡೆಯುತ್ತವೆ. ಹಳೆಯ ಚಿತ್ರದ ನೆರಳು ಪರದೆಯಲ್ಲಿ ಉಳಿಯಲು ಇದೂ ಒಂದು ಕಾರಣ. ನಳಿಗೆಗಳು ಇಂಥ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಾಗಾಗಿ ಹಲವು ಪ್ರಯೋಗಗಳಲ್ಲಿ ಕಡಿಮೆ ವೋಲ್ಟೇಜ್ ಸಾಕಾಗಿದೆ, ಅಣುಗಳೂ ಬೇಗ ತಿರುಗಿವೆ.

ಆದರೆ ಅಳತೆ ತಪ್ಪಬಾರದು. ಸಾಮಾನ್ಯವಾಗಿ ತೂಕದಲ್ಲಿ ಶೇಕಡಾ 0.1ಕ್ಕಿಂತಲೂ ಕಡಿಮೆ ಹಾಕುತ್ತಾರೆ. ಜಾಸ್ತಿಯಾದರೆ ನಳಿಗೆಗಳು ಒಂದನ್ನೊಂದು ಎಳೆದುಕೊಂಡು ಗಂಟು ಕಟ್ಟುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಕಪ್ಪು ಕಲೆಗಳಾಗಿ ಕಾಣುತ್ತವೆ, ಸುತ್ತಲಿನ ಅಣುಗಳ ಸಾಲೂ ಕೆಡುತ್ತದೆ. ಗಂಟುಗಳು ಗಾಜಿನಿಂದ ಗಾಜಿಗೆ ಸೇತುವೆ ಕಟ್ಟಿದರೆ ಶಾರ್ಟ್ ಆಗುವುದೂ ಉಂಟು. ಗಂಟು ಬಿಡಿಸಲು ನಳಿಗೆಯ ಗೋಡೆಗೆ ಬೇರೆ ಅಣುಗಳನ್ನು ರಾಸಾಯನಿಕವಾಗಿ ಅಂಟಿಸಬಹುದು. ಆಗ ನಳಿಗೆಗಳು ದ್ರವದಲ್ಲಿ ಚೆನ್ನಾಗಿ ಬೆರೆಯುತ್ತವೆ ನಿಜ, ಆದರೆ ಗೋಡೆಯ ಇಂಗಾಲದ ಬಂಧಗಳು ಕೆಟ್ಟು ವಾಹಕತೆ ಇಳಿಯುತ್ತದೆ.