ಆ್ಯಂಟಿಜೆನ್, ಆ್ಯಂಟಿಬಾಡಿ: ಬೆಕ್ಕಿನ ಕಾಂಬೋ ಟೆಸ್ಟಿನ ಚೀಟಿ ಓದುವುದು

ಹುಬ್ಬಳ್ಳಿ-ಧಾರವಾಡದಲ್ಲಿ ಓಣಿಯ ಮರಿ ತಂದು ಸಾಕುವವರೇ ಹೆಚ್ಚು. ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ ಹೊಸದಕ್ಕೆ ಡಾಕ್ಟರು ‘ಕಾಂಬೋ ಟೆಸ್ಟ್’ ಬರೆಯುತ್ತಾರೆ. ಚೀಟಿಯಲ್ಲಿ ಎರಡು ಸಾಲು ಬರುತ್ತವೆ: ಎಫ್‌ಇಎಲ್‌ವಿ ಆ್ಯಂಟಿಜೆನ್, ಎಫ್‌ಐವಿ ಆ್ಯಂಟಿಬಾಡಿ. ಮನೆಯವರ ಕಣ್ಣು ಹೋಗುವುದು ಮುಂದಿನ ಪಾಸಿಟಿವ್, ನೆಗೆಟಿವ್ ಕಡೆಗೆ. ಮೊದಲು ನೋಡಬೇಕಾದದ್ದು ನಡುವಿನ ಆ ಎರಡು ಹೆಸರು.

ಆ್ಯಂಟಿಜೆನ್ ಅಂದರೆ ವೈರಸ್ಸಿನದೇ ಒಂದು ತುಣುಕು. ಎಫ್‌ಇಎಲ್‌ವಿ, ಅಂದರೆ ಬೆಕ್ಕಿನ ಲ್ಯುಕೇಮಿಯಾ ವೈರಸ್ಸಿನ ಟೆಸ್ಟು ರಕ್ತದಲ್ಲಿ ಹುಡುಕುವುದು ಪಿ27 ಎಂಬ ಪ್ರೋಟೀನನ್ನು. ಲಸಿಕೆ ಹಾಕಿಸಿದ್ದರೂ ತಾಯಿಯ ಹಾಲು ಕುಡಿದಿದ್ದರೂ ಈ ಸಾಲು ಕೆಡುವುದಿಲ್ಲ. ಎಷ್ಟು ಸಣ್ಣ ಮರಿಗೂ ಮಾಡಿಸಬಹುದು. ಆದರೆ ಸೋಂಕು ತಗುಲಿದ ಮರುದಿನವೇ ಪಿ27 ಸಿಗದು. ಆದ್ದರಿಂದ ನೆಗೆಟಿವ್ ಬಂದರೆ, ಬೇರೆ ಬೆಕ್ಕುಗಳ ಸಂಪರ್ಕ ತಪ್ಪಿದ ದಿನದಿಂದ 30 ದಿನ ಕಳೆದ ಮೇಲೆ ಮತ್ತೊಮ್ಮೆ ನೋಡಬೇಕು. ಪಾಸಿಟಿವ್ ಬಂದದ್ದೂ ಶಾಶ್ವತವಲ್ಲ. ಕೆಲವು ಬೆಕ್ಕುಗಳು ವೈರಸ್ಸನ್ನು ರಕ್ತದಿಂದ ಹಿಮ್ಮೆಟ್ಟಿಸುತ್ತವೆ, ಅದರ ಡಿಎನ್‌ಎ ಮಾತ್ರ ಜೀವಕೋಶಗಳೊಳಗೆ ಅಡಗಿ ಉಳಿಯುತ್ತದೆ. ಆಗ ಕಿಟ್ ನೆಗೆಟಿವ್, ವೈರಸ್ಸಿನ ಜೀನನ್ನೇ ಹುಡುಕುವ ಲ್ಯಾಬ್ ಟೆಸ್ಟಾದ ಪಿಸಿಆರ್ ಪಾಸಿಟಿವ್. ಎರಡೂ ನಿಜವೇ.

ಆ್ಯಂಟಿಬಾಡಿ ಬೇರೆ ಮಾತು. ಅದು ವೈರಸ್ಸಲ್ಲ, ವೈರಸ್ಸಿನ ವಿರುದ್ಧ ದೇಹ ತಯಾರಿಸಿದ್ದು. ಎಫ್‌ಐವಿ, ಅಂದರೆ ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್ಸು, ಒಮ್ಮೆ ಬಂದರೆ ಹೋಗುವುದಿಲ್ಲ. ಹಾಗಾಗಿ ದೊಡ್ಡ ಬೆಕ್ಕಿನಲ್ಲಿ ಆ್ಯಂಟಿಬಾಡಿ ಇದ್ದರೆ ಸೋಂಕಿದೆ ಎಂದೇ ಸಾಮಾನ್ಯವಾಗಿ ಓದುತ್ತೇವೆ. ಮರಿಯ ಲೆಕ್ಕ ಹಾಗಲ್ಲ. ಸೋಂಕಿತ ತಾಯಿಯ ಆ್ಯಂಟಿಬಾಡಿ ಹಾಲಿನ ಮೂಲಕ ಮರಿಗೆ ಬಂದು 6 ತಿಂಗಳವರೆಗೂ ಉಳಿಯಬಹುದು. ಎರಡು ತಿಂಗಳ ಮರಿಯ ಪಾಸಿಟಿವ್ ನೋಡಿ ಅದನ್ನು ಮನೆಯಿಂದ ಹೊರಗೆ ಹಾಕುವುದು ಶುದ್ಧ ಅವಸರ; 6 ತಿಂಗಳು ತುಂಬಿದ ಮೇಲೆ ಮತ್ತೆ ಟೆಸ್ಟ್ ಮಾಡಿಸಿ. ಕಡಿದಾಡಿ ಗಾಯ ಮಾಡಿಕೊಂಡು ಬಂದ ಗಂಡು ಬೆಕ್ಕಿಗೆ ಇದರ ತಿರುವು ಮುರುವು: ಕಚ್ಚಿಸಿಕೊಂಡ ಮರುವಾರದ ನೆಗೆಟಿವ್‌ಗೆ ಬೆಲೆಯಿಲ್ಲ, 60 ದಿನ ಬಿಟ್ಟು ನೋಡಬೇಕು.

ಗಟ್ಟಿಮುಟ್ಟಾದ ಬೆಕ್ಕಿನ ಪಾಸಿಟಿವ್ ಏಕೆ ಅನುಮಾನಕ್ಕೆ ಅರ್ಹ? ಲೆಕ್ಕ ಹಾಕಿ ನೋಡಿ. 1000 ಬೆಕ್ಕುಗಳಲ್ಲಿ 10ಕ್ಕೆ ಮಾತ್ರ ಸೋಂಕಿದೆ, ಕಿಟ್ಟು ಆರೋಗ್ಯವಂತ 100ರಲ್ಲಿ 2ಕ್ಕೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಉಳಿದ 990ರಲ್ಲಿ ಸುಮಾರು 20 ಸುಳ್ಳು ಪಾಸಿಟಿವ್. ನಿಜವಾದವು ಹೆಚ್ಚೆಂದರೆ 10. ಕಾಯಿಲೆ ಬಿದ್ದ, ಬಾಯಿ ಹುಣ್ಣಾದ, ತೂಕ ಇಳಿದ ಬೆಕ್ಕಿನ ಪಾಸಿಟಿವ್‌ಗೆ ಇದಕ್ಕಿಂತ ತೂಕ ಹೆಚ್ಚು.

ಕಿಟ್ಟಿನದೇ ತಕರಾರುಗಳೂ ಉಂಟು. ಹಲವು ಕಿಟ್‌ಗಳ ಡಬ್ಬಿಯ ಮೇಲೆ 2ರಿಂದ 30 ಡಿಗ್ರಿ ಎಂದಿರುತ್ತದೆ. ಏಪ್ರಿಲ್-ಮೇ ಮಧ್ಯಾಹ್ನ ಗದಗಿನಲ್ಲಿ ಬರಿಯ ಕಪಾಟಿನ ಒಳಗೂ ಅದು ದಾಟುತ್ತದೆ. ಫ್ರಿಜ್ಜಿನಿಂದ ತೆಗೆದ ಕಿಟ್ಟನ್ನು ಕೋಣೆಯ ಉಷ್ಣತೆಗೆ ಬಂದ ಮೇಲೆ ಬಳಸಬೇಕು. ಸೀರಮ್ ಅಥವಾ ಪ್ಲಾಸ್ಮಾ ಒಳ್ಳೆಯದು, ರಕ್ತಕಣ ಒಡೆದು ಕೆಂಪಾದ ಮಾದರಿ ಬೇಡ. ಡಬ್ಬಿಯಲ್ಲಿ ಹೇಳಿದ ನಿಮಿಷಕ್ಕೆ ಓದಿ, ಫೋಟೋ ತೆಗೆದಿಡಿ. ಸಮಯ ಮೀರಿದ ಮೇಲೆ ಮೂಡಿದ ಮಸುಕು ಗೆರೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಕಿಟ್ಟು ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ‘ಸಿ’ (ಕಂಟ್ರೋಲ್) ಗೆರೆ ಬರದಿದ್ದರೆ ಆ ಟೆಸ್ಟೇ ಆಗಿಲ್ಲ.

ಪಿಸಿಆರ್‌ಗೆ ಮಾದರಿ ಕಳಿಸುವುದಾದರೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್ ಬೇಕು. ಹಸಿರು ಮುಚ್ಚಳದ ಹೆಪಾರಿನ್ ಪಿಸಿಆರ್‌ಗೆ ಅಡ್ಡಿ ಮಾಡುತ್ತದೆ. ರಕ್ತವನ್ನು ಫ್ರೀಜ್ ಮಾಡದೆ, ಐಸ್ ಪ್ಯಾಕ್ ಜೊತೆ ಕಳಿಸಿ. ಒಂದು ಎಚ್ಚರಿಕೆ: ಎಫ್‌ಐವಿ ಪಿಸಿಆರ್ ನೆಗೆಟಿವ್ ಬಂದ ಮಾತ್ರಕ್ಕೆ ಆ್ಯಂಟಿಬಾಡಿ ಪಾಸಿಟಿವ್ ಸುಳ್ಳಾಗುವುದಿಲ್ಲ, ಆ ವೈರಸ್ಸಿನ ತಳಿಗಳು ಅಷ್ಟು ಬಗೆಬಗೆಯವು.

ಇನ್ನು ಬೆಕ್ಕಿನ ಕೊರೋನಾ ಆ್ಯಂಟಿಬಾಡಿ ಟೆಸ್ಟ್. ಹೊಟ್ಟೆಯಲ್ಲಿ ನೀರು ತುಂಬಿದ ಬೆಕ್ಕಿಗೆ ಇದನ್ನೇ ಮಾಡಿಸಿ ‘ಎಫ್‌ಐಪಿ ಪಾಸಿಟಿವ್’ (ಎಫ್‌ಐಪಿ ಅಂದರೆ ಬೆಕ್ಕಿನ ಕೊರೋನಾ ವೈರಸ್ ರೂಪ ಬದಲಿಸಿದಾಗ ಬರುವ ಮಾರಕ ಕಾಯಿಲೆ) ಎಂದು ಬರೆದರೆ ನಂಬಬೇಡಿ. ಕರುಳಿನ ಸಾಮಾನ್ಯ ಕೊರೋನಾ ವೈರಸ್ ಬಂದು ಹೋದ ಆರೋಗ್ಯವಂತ ಬೆಕ್ಕುಗಳಲ್ಲೂ ಇದು ಪಾಸಿಟಿವ್ ಬರುತ್ತದೆ. ಅಲ್ಬುಮಿನ್, ಗ್ಲಾಬ್ಯುಲಿನ್ ಎಂಬ ಎರಡು ಬಗೆಯ ಪ್ರೋಟೀನುಗಳ ಅನುಪಾತ 0.4ಕ್ಕಿಂತ ಕಡಿಮೆ ಇದ್ದರೆ ಎಫ್‌ಐಪಿಯ ಅನುಮಾನ ಬಲವಾಗುತ್ತದೆ, 0.8ಕ್ಕಿಂತ ಹೆಚ್ಚಿದ್ದರೆ ತಗ್ಗುತ್ತದೆ.

ಪಾರ್ವೋ, ಅಂದರೆ ವಾಂತಿ-ಭೇದಿ ತರುವ ಇನ್ನೊಂದು ವೈರಸ್ಸಿನ ಟೆಸ್ಟು, ಮಲದಲ್ಲಿ ಆ್ಯಂಟಿಜೆನ್ ಹುಡುಕುತ್ತದೆ. ಜೀವಂತ ಲಸಿಕೆ ಹಾಕಿಸಿದ ಒಂದೆರಡು ವಾರದೊಳಗೆ ಮಸುಕು ಪಾಸಿಟಿವ್ ಬರಬಹುದು; ವಾಂತಿ-ಭೇದಿ ಇದ್ದು ಬಿಳಿ ರಕ್ತಕಣ ಕುಸಿದಿದ್ದರೆ ನೆಗೆಟಿವ್ ಬಂದರೂ ಆ ಬೆಕ್ಕನ್ನು ಪ್ರತ್ಯೇಕ ಇಡಿ. ಎಫ್‌ಇಎಲ್‌ವಿ ಸಾಬೂನು ನೀರಿಗೆ ಸಾಯುತ್ತದೆ, ಪಾರ್ವೋ ಸಾಯುವುದಿಲ್ಲ. ನೆಲವನ್ನು ಮೊದಲು ತೊಳೆದು, ಬಟ್ಟೆ ಬ್ಲೀಚ್ 1 ಪಾಲಿಗೆ 32 ಪಾಲು ನೀರು ಸೇರಿಸಿ 10 ನಿಮಿಷ ನೆನೆಸಿಡಿ. ಫಿನಾಯಿಲ್ ಬಳಸಬೇಡಿ, ಬೆಕ್ಕಿಗೆ ಅದು ವಿಷ.